ಬಟ್ಟಲು ಮುಳುಗುವ ಮೊದಲೇ

ಹುನಗುಂದ
ಜುಲೈ, ೧೯೧೧

ಜಲಾಲುದ್ದೀನನಿಗೆ,

ಸಲಾಮು ಬರೆಯುವುದು ಪದ್ಧತಿ, ಬರೆದಿದ್ದೇನೆ. ಕ್ಷೇಮ ಕೇಳುವುದೂ ಪದ್ಧತಿಯೇ, ಅದನ್ನು ಮಾತ್ರ ಕೇಳುವುದಿಲ್ಲ. ಬಾದಾಮಿ ಸ್ಟೇಶನ್ನಿನಲ್ಲಿ ಕರಿ ಕೋಟು ಹಾಕಿಕೊಂಡು ಓಡಾಡುವವನಿಗೆ ಏನು ಧಾಡಿ.

ನಿನ್ನ ಕಾಗದ ಶುಕ್ರವಾರ ಮುಟ್ಟಿತು. ಎಂಟು ತಿಂಗಳಿಂದ ಸುದ್ದಿಯಿಲ್ಲದ ತಮ್ಮ ಬರೆದಿದ್ದಾನೆ ಎಂದು ಹಿಟ್ಟಿನ ಕೈ ತೊಳೆಯದೆ ಒಡೆದೆ. ನೋಡಿದರೆ ಅಪ್ಪನ ಗಳಿಗೆ ಬಟ್ಟಲನ್ನು ಹುಲ್ಲಿನಲ್ಲಿ ಸುತ್ತಿ, ಬಾದಾಮಿಗೆ ಬರುವ ಚಕ್ಕಡಿಯಲ್ಲಿ ಕಳಿಸಬೇಕಂತೆ. 'ನಮ್ಮ ಸಾಹೇಬರಿಗೆ ಹಳೇ ಸಾಮಾನು ಅಂದರ ಭಾಳ ಹುಚ್ಚು, ಅಕ್ಕಾ. ಗಾಜಿನ ಕಪಾಟದಾಗ ಇಟ್ಟು ದಿನಾ ನೋಡ್ತಾರ. ಹ್ಯಾಂಗೂ ಮನ್ಯಾಗ ಸುಮ್ಮ ಬಿದ್ದೈತಿ.' ಸಾಹೇಬರು ಖುಷಿಯಾದರೆ ನಿನಗೆ ಬಡತಿ ಸಿಗುತ್ತದಂತೆ. ಅದನ್ನೂ ಬರೆದಿದ್ದೀ, ನಾಚಿಕೆಯಿಲ್ಲದೆ.

ಸುಮ್ಮನೆ ಬಿದ್ದಿದೆ ಎಂದು ನಿನಗೆ ಯಾರು ಹೇಳಿದರು? ಇದನ್ನು ಬರೆಯುವಾಗಲೂ ಅದು ನನ್ನ ಮೊಣಕಾಲಿನ ಹತ್ತಿರ ಹಿತ್ತಾಳೆ ಪರಾತದ ನೀರಿನಲ್ಲಿ ತೇಲುತ್ತಿದೆ. ಬೆಳಗಿನಿಂದ ಹನ್ನೊಂದು ಸಲ ಮುಳುಗಿದೆ, ಹನ್ನೊಂದು ಸಲ ಎತ್ತಿ ಬಿಟ್ಟಿದ್ದೇನೆ. ಹನ್ನೆರಡನೆಯದು ಮುಳುಗಿದಾಗ ಎದ್ದು ಗೋಡೆಯ ಕಂಚಿನ ತಾಸು ಬಾರಿಸಬೇಕು. ನಡುವೆ ಎಷ್ಟು ಬಿಡುವು ಸಿಗುತ್ತದೋ ಅಷ್ಟರಲ್ಲಿ ನಿನ್ನನ್ನು ಬೈಯುತ್ತೇನೆ.

ನಾನು ಬರೆಯಬಲ್ಲೆ ಎಂಬುದೇ ನಿನಗೆ ಹೊಸ ಸುದ್ದಿಯಿರಬೇಕು. ನೀನು ಕನ್ನಡ ಸಾಲಿಯಿಂದ ಬಂದು ಪಾಟಿಯನ್ನು ಅಡಿಗೆಮನೆಯಲ್ಲಿ ಬಿಸಾಕಿ ಆಡಲು ಓಡುತ್ತಿದ್ದೆ. ಅದನ್ನು ಒರೆಸುವ ಕೆಲಸ ನನ್ನದು. ಒರೆಸುವ ಮೊದಲು ಒಲೆಯ ಬೂದಿ ಹರವಿ, ನಿನ್ನ ಅಕ್ಷರ ನೋಡಿ ಬೆರಳಿನಿಂದ ತಿದ್ದುತ್ತಿದ್ದೆ. ಅದೇ ಅಕ್ಷರದಿಂದ ನಿನ್ನನ್ನು ಬೈಯುವ ಕಾಲ ಬರುತ್ತದೆ ಎಂದು ಗೊತ್ತಿದ್ದರೆ ಇನ್ನೂ ದುಂಡಗೆ ತಿದ್ದುತ್ತಿದ್ದೆ.

ಬಟ್ಟಲು ಎಂದರೆ ಏನೆಂಬುದು ನಿನಗೆ ಮರೆತಿದೆ, ಆದ್ದರಿಂದ ಹೇಳುತ್ತೇನೆ. ತೆಂಗಿನ ಚಿಪ್ಪಿನಷ್ಟು ತಾಮ್ರ, ತಳದಲ್ಲಿ ಸೂಜಿಮೊನೆಯಷ್ಟು ತೂತು. ಹೊತ್ತು ಹುಟ್ಟುತ್ತಲೇ ನೀರಿನ ಮೇಲೆ ಬಿಟ್ಟರೆ, ತೂತಿನಿಂದ ನೀರೇರಿ, ತುಂಬಿ, ಮುಳುಗುತ್ತದೆ. ಅಷ್ಟಕ್ಕೆ ಒಂದು ಗಳಿಗೆ. ಎತ್ತಿ ಚೆಲ್ಲಿ ಮತ್ತೆ ಬಿಡಬೇಕು, ಲೆಕ್ಕ ತಪ್ಪದಂತೆ ಒಂದು ಹುಣಸೆ ಬೀಜ ಪಕ್ಕಕ್ಕಿಡಬೇಕು, ನಮ್ಮ ಮನೆಗೂ ಮಸೀದಿಗೂ ನಡುವಿನ ಗೋಡೆಗೆ ತೂಗುಹಾಕಿದ ಕಂಚಿನ ತಾಸನ್ನು ಬಾರಿಸಬೇಕು. ನಮ್ಮಪ್ಪ ಅಬ್ದುಲಸಾಬ ಜೀವಮಾನವೆಲ್ಲ ಮಾಡಿದ್ದು ಇದೊಂದೇ ಕೆಲಸ. ಅವನ ಕಣ್ಣು ಮಂಜಾಗುವ ಹೊತ್ತಿಗೆ ನನ್ನ ಗಂಡ ತೀರಿಕೊಂಡು ನಾನು ತವರಿಗೆ ಬಂದಿದ್ದೆ. ಮಗ ಓದುತ್ತಿದ್ದ, ಮಗಳು ಪರಾತದ ಮುಂದೆ ಕೂತಳು. ಅವ್ವನ ಹಳೇ ಇಲಕಲ್ ಸೀರೆಯ ಸೆರಗಿನಲ್ಲಿ ಮೂರು ಸಲ ಸೋಸಿದ ನೀರೇ ಆಗಬೇಕು, ಸಣ್ಣದೊಂದು ಕಸ ತೂತಿಗೆ ಸಿಕ್ಕರೂ ಊರಿನ ಗಳಿಗೆ ಉದ್ದವಾಗುತ್ತದೆ. ಎದುರುಮನೆ ದುರಗಪ್ಪನ ಮಗ ಗೋಡೆಗಡಿಯಾರ ತಂದಿಟ್ಟಿದ್ದಾನೆ. ಆದರೂ ಲಗ್ನದ ಗಳಿಗೆ ಬಂದರೆ ಅವರ ಮನೆಯವರೆಲ್ಲ ನನ್ನ ತಾಸಿಗೇ ಕಿವಿಗೊಟ್ಟು ನಿಲ್ಲುತ್ತಾರೆ. 'ಅದು ಒದರತೈತಿ, ಇದು ಹೇಳತೈತಿ' ಎನ್ನುತ್ತಾನೆ ದುರಗಪ್ಪ.

ಅವ್ವನಿಗೆ ಮಾತ್ರ ತಾಸು ಕೇಳಿಸುತ್ತಿರಲಿಲ್ಲ. ಕಿವಿ ಮಂದವಾಗಿ ಎಷ್ಟೋ ವರ್ಷವಾಗಿತ್ತು. ರಮಜಾನಿನಲ್ಲಿ ದಿನಾ ಸಂಜೆ ಹೊರಸಿನ ಮೇಲಿನಿಂದ ನನ್ನನ್ನೇ ಕೇಳುತ್ತಿದ್ದಳು, 'ಬಾನೂ, ಮುಳುಗೇತೇನ?' ನಾನು ಅವಳ ಕಿವಿಯ ಹತ್ತಿರ ಬಾಯಿಟ್ಟು 'ಮುಳುಗೇತವ್ವಾ' ಎಂದ ಮೇಲೆಯೇ ನೀರು ಮುಟ್ಟುತ್ತಿದ್ದಳು. ಇದನ್ನು ನೆನಪಿಟ್ಟುಕೋ.

ಹೋದ ರಮಜಾನಿಗೆ ನೀನು ಬಂದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಕಿಸೆಯಿಂದ ಸರಪಳಿ ಎಳೆದು, ಗಡಿಯಾರದ ಮುಚ್ಚಳ ಟಪ್ಪೆನ್ನಿಸಿ, ಯಾರೂ ಕೇಳದಿದ್ದರೂ ಹೊತ್ತು ಹೇಳುತ್ತಿದ್ದೆ. ಬರುವಾಗ ಸ್ಟೇಶನ್ನಿನ ದೊಡ್ಡ ಗಡಿಯಾರಕ್ಕೆ ಸರಿಮಾಡಿಕೊಂಡು ಬಂದಿದ್ದೆಯಂತೆ. ಜೊತೆಗೆ ವಿಜಾಪುರದಿಂದ ತರಿಸಿದ ಅಚ್ಚಿನ ಕಾಗದ ಬೇರೆ, ಯಾವ ದಿನ ಎಷ್ಟು ಗಂಟೆಗೆ ರೋಜಾ ಬಿಡಬೇಕು ಎಂದು. ಮುಲ್ಲಾ ಮುರ್ತುಜಸಾಬರು ಆ ಗಡಿಯಾರವನ್ನು ಗುಬ್ಬಿಮರಿ ಹಿಡಿದಂತೆ ಅಂಗೈಯಲ್ಲಿ ಹಿಡಿದು ನಕ್ಕರು. ಮರುದಿನದಿಂದ ಇದರ ಮೇಲೆಯೇ ಇಫ್ತಾರ ಎಂದು ನೀವಿಬ್ಬರೇ ಗೊತ್ತುಮಾಡಿದಿರಿ. ನನಗೆ ನೀನು ಹೇಳಿದ್ದು ಇಷ್ಟು: 'ಇನ್ನ ನೀ ಆರಾಮ ಕುಂದ್ರಕ್ಕಾ. ನೀರಾಗ ಬಟ್ಟಲ ಬಿಡೂದು ಹುಡುಗರ ಆಟ. ಸೂರ್ಯಾ ತಪ್ಪಿದರೂ ಇದು ತಪ್ಪೂದಿಲ್ಲ.' ಹಾಗೆಂದು ಪರಾತದ ನೀರು ಅಂಗಳಕ್ಕೆ ಚೆಲ್ಲಿ, ಅದರಲ್ಲಿ ಉತ್ತತ್ತಿ ನೆನೆಹಾಕಿದೆ. ಅಪ್ಪನ ಪರಾತದಲ್ಲಿ!

ಮರುದಿನ ಹೊತ್ತು ಸ್ವಚ್ಛವಾಗಿ ಹುಟ್ಟಿತು. ನಾನು ಅಡಿಗೆಮನೆಯ ಮೂಲೆಯಲ್ಲಿ ಮಣ್ಣಿನ ಬಾನಿಗೆ ನೀರು ಹಾಕಿ ಕಳ್ಳಿಯ ಹಾಗೆ ಬಟ್ಟಲು ಬಿಟ್ಟೆ. ಬಿಡದೆ ಇರಲು ಕೈ ಕೇಳಲಿಲ್ಲ. ಮಧ್ಯಾಹ್ನದ ಮೇಲೆ ಮೋಡ ಕವಿಯಿತು. ಮಳೆ ಬರಲಿಲ್ಲ, ಬೆಳಕು ಮಾತ್ರ ಹೋಯಿತು. ಆ ದಿನಗಳಲ್ಲಿ ಹೊತ್ತು ಹುಟ್ಟಿ ಮುಳುಗಲು ಮೂವತ್ತು ಬಟ್ಟಲು ಬೇಕು. ಇಪ್ಪತ್ತೊಂಬತ್ತನೆಯದು ಇನ್ನೂ ತೇಲುತ್ತಿತ್ತು, ಅಷ್ಟರಲ್ಲೇ ನೀನು ಹೊರಗೆ ತಾಸು ಬಾರಿಸಿದೆ.

ನಾನು ಬಾಗಿಲಿಗೆ ಓಡಿಬಂದು, 'ಜಲಾಲ, ಬಟ್ಟಲ ಇನ್ನ ಮುಳುಗಿಲ್ಲೋ' ಎಂದು ಕೂಗಿದೆ. ಅಷ್ಟು ಮಂದಿಯ ಮುಂದೆ ನೀನು ಗಡಿಯಾರ ಎತ್ತಿ ತೋರಿಸಿ, 'ಅಕ್ಕನ ಬಟ್ಟಲಕ್ಕ ಇವತ್ತ ಹಸಿವಿಲ್ಲಂತ' ಎಂದೆ. ಎಲ್ಲರೂ ನಕ್ಕರು. ಮುರ್ತುಜಸಾಬರು ಅಜಾನ್ ಕೊಟ್ಟರು. ಮಸೀದಿಯ ಕಟ್ಟೆಯ ಮೇಲೆ ಕೂತವರೆಲ್ಲ ಉತ್ತತ್ತಿ ಬಾಯಿಗೆ ಹಾಕಿಕೊಂಡರು.

ಎರಡನೆಯ ಉತ್ತತ್ತಿಗೆ ಕೈ ಹೋಗುವಷ್ಟರಲ್ಲಿ ಪಡುವಣದ ಮೋಡ ಹರಿಯಿತು. ಮಸೀದಿಯ ಗೋಡೆಯ ಮೇಲೆ ಬಿಸಿಲು ಬಿತ್ತು. ಸೂರ್ಯ ಇನ್ನೂ ದುರಗಪ್ಪನ ಬಣವೆಯ ಮೇಲೆ ಒಂದು ಮೊಳ ಎತ್ತರದಲ್ಲಿ ಕೂತಿದ್ದ. ಒಬ್ಬೊಬ್ಬರೇ ಬಾಯಲ್ಲಿದ್ದದ್ದನ್ನು ಉಗುಳಿದರು. ಮುರ್ತುಜಸಾಬರು ಉಗುಳಲೂ ಆಗದೆ ನುಂಗಲೂ ಆಗದೆ ಕೆನ್ನೆಯಲ್ಲಿಟ್ಟುಕೊಂಡು ನಿಂತಿದ್ದರು. ನೀನು ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದೆ, ನಿಂತಿತೇನೋ ಎಂದು. ಅದು ನಿಂತಿರಲಿಲ್ಲ. ಇಡೀ ಊರಿನ ರೋಜಾ ಕೆಟ್ಟಿತ್ತು.

ಬೆಳಗಾಗುವಷ್ಟರಲ್ಲಿ ನೀನು ಐಹೊಳೆಯ ಕಡೆ ಹೋಗುವ ಚಕ್ಕಡಿ ಹತ್ತಿದ್ದೆ. ಯಾರ ಕ್ಷಮೆಯನ್ನೂ ಕೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನಿನ್ನದು ಉತ್ತತ್ತಿಗೆ ಹೋಯಿತು.

ಆಮೇಲೆ ಸಾಲಿಯ ಕಾಶಪ್ಪ ಮಾಸ್ತರರು ಬಂದು ಬಿಡಿಸಿ ಹೇಳಿದರು. ರೇಲ್ವೆಗೆ ಇಡೀ ದೇಶಕ್ಕೆಲ್ಲ ಒಂದೇ ಹೊತ್ತಂತೆ, ಎಲ್ಲೋ ಮೂಡಣದ ಸೀಮೆಯದು. ನಮ್ಮ ಕಡೆ ಸೂರ್ಯ ಬರುವುದು ಅದಕ್ಕಿಂತ ಒಂದು ಗಳಿಗೆಯ ಮೇಲೆ ತಡವಂತೆ. ವಿಜಾಪುರದ ಕಾಗದದಲ್ಲಿದ್ದ ಗಂಟೆ ಮಾತ್ರ ನಮ್ಮ ಸೂರ್ಯನದು. ಅಂದರೆ ನಿನ್ನ ಗಡಿಯಾರ ಸುಳ್ಳು ಹೇಳಿರಲಿಲ್ಲ, ಕಾಗದವೂ ಹೇಳಿರಲಿಲ್ಲ. ಎರಡನ್ನೂ ಕಿಸೆಯಲ್ಲಿಟ್ಟುಕೊಂಡು, ಒಂದು ಸಲವೂ ತಲೆ ಎತ್ತಿ ಆಕಾಶ ನೋಡದ ನೀನೇ ಸುಳ್ಳು. ಹೊಸ ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಹಿಡಿದ ಕೈಯ ಮೇಲೆ ಸಿಟ್ಟು.

ಅವ್ವ ನಿನ್ನನ್ನು ಒಂದು ಮಾತೂ ಅನ್ನಲಿಲ್ಲ. 'ಪಾಪ, ಗಡಿಯಾರ ಹೊಸಾದು. ಇನ್ನ ಅದಕ್ಕ ನಮ್ಮೂರು ರೂಢಿ ಆಗಿಲ್ಲ' ಎಂದಳು. ಆ ಮಾತಿಗೆ ನನ್ನ ಹೊಟ್ಟೆ ಉರಿದಷ್ಟು ನಿನ್ನ ನಗುವಿಗೂ ಉರಿಯಲಿಲ್ಲ.

ಅವಳು ಸತ್ತ ಮೂರನೆಯ ದಿನ ನೀನು ಬಂದೆ. ಗೋರಿಯ ಮುಂದೆ ಕೈಯೆತ್ತಿ ನಿಂತವನು, ಕೈ ಇಳಿಸುತ್ತಲೇ ಕಿಸೆಯಿಂದ ಅದನ್ನೇ ತೆಗೆದು ನೋಡಿ, 'ಗಾಡಿ ಹೊತ್ತಾತಕ್ಕಾ' ಎಂದೆ. ಅವ್ವ ಹೇಗೆ ಸತ್ತಳು ಎಂದು ಕೇಳಲಿಲ್ಲ. ಮುದುಕಿ, ಸತ್ತಳು ಎಂದುಕೊಂಡಿರಬೇಕು. ಈಗ ಕೇಳು.

ಹಬ್ಬ ಕಳೆದ ಮೇಲೆ ಊರಿನವರೆಲ್ಲ ಆ ಕೆಟ್ಟ ದಿನದ ರೋಜಾವನ್ನು ತಿರುಗಿ ಹಿಡಿದರು. ಅವ್ವನೂ ಹಿಡಿಯುತ್ತೇನೆಂದಳು. ಮೈಯಲ್ಲಿ ಜ್ವರವಿತ್ತು. ಮುರ್ತುಜಸಾಬರು ಬಾಗಿಲಲ್ಲಿ ನಿಂತು, 'ಕಾಸಿಂಬಿ, ಜಡ್ಡಿನವರಿಗೆ ಮಾಫಿ ಐತ್ರಿ, ಸುಮ್ಮ ಯಾಕ ಹಟ ಮಾಡ್ತೀರಿ' ಎಂದು ಕೂಗಿ ಹೇಳಿದರು. 'ನನ್ನ ಮಗನ ಕೈಲೆ ಕೆಟ್ಟದ್ದು, ನಾನ ತೀರಸತೇನಿ' ಎಂದಳು. ಆಗ ದಿನ ಚಿಕ್ಕದಾಗಿತ್ತು, ಇಪ್ಪತ್ತೊಂಬತ್ತು ಬಟ್ಟಲಿನ ದಿನ. ಮಧ್ಯಾಹ್ನಕ್ಕೆ ತುಟಿ ಒಣಗಿ ಬಿರಿಯಿತು. ಕೊನೆಯ ಬಟ್ಟಲು ಬಿಡುವಾಗ ಉಸಿರು ಏರಿಳಿಯತೊಡಗಿತು. ನಾನು ನೀರಿನ ಚಂಬು ತಂದು ತುಟಿಗೆ ಹಿಡಿದೆ. ಅವಳು ಬಾಯಿ ಮುಚ್ಚಿ ನನ್ನ ಮುಖವನ್ನೇ ನೋಡಿದಳು. 'ಬಾನೂ, ಈ ಸಲ ಖರೇ ಹೇಳು. ಮುಳುಗೇತೇನ?'

ಈ ಸಲ ಎಂದಳು, ಜಲಾಲ. ಅವಳಿಗೆ ಗೊತ್ತಿತ್ತು.

ಯಾರಿಗೂ ಹೇಳದ ಮಾತನ್ನು ನಿನಗೆ ಬರೆಯುತ್ತಿದ್ದೇನೆ. ನೀನು ತಾಸು ಬಾರಿಸಿದ ದಿನ, ನಿಮ್ಮೆಲ್ಲರ ನಗು ಕೇಳಿಕೊಂಡು ನಾನು ಒಳಗೆ ಬಂದಾಗ, ಅವ್ವ ದಿನದಂತೆ ಕೇಳಿದಳು, ಮುಳುಗೇತೇನ ಎಂದು. ಬಾನಿಯಲ್ಲಿ ಬಟ್ಟಲು ತೇಲುವುದು ನನ್ನ ಕಣ್ಣ ಮುಂದೆಯೇ ಇತ್ತು. ಆದರೂ 'ಮುಳುಗೇತವ್ವಾ' ಎಂದೆ. ಊರು ನಂಬಿದ ಮಗನನ್ನು ಹೆತ್ತವ್ವ ನಂಬದೆ ಹೋದರೆ ನಿನ್ನ ಮುಖ ಚಿಕ್ಕದಾದೀತು ಎಂದು. ಊರಿಗೆ ಸುಳ್ಳು ಹೇಳಿದವನು ನೀನು. ಅವ್ವನಿಗೆ ಸುಳ್ಳು ಹೇಳಿದವಳು ನಾನು. ನಿನಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅದಕ್ಕಾಗಿಯೂ ನಿನ್ನನ್ನು ದ್ವೇಷಿಸುತ್ತೇನೆ.

ಹೀಗಾಗಿ ಕೊನೆಗೆ ಅವಳು ಕೇಳಿದಾಗ ನನಗೆ ಸುಳ್ಳು ಬರಲಿಲ್ಲ. 'ಇಲ್ಲವ್ವಾ, ಇನ್ನ ಅರ್ಧ ಐತಿ' ಎಂದೆ. ಅವಳು ತಲೆಯಾಡಿಸಿದಳು, ಸಮಾಧಾನವಾದಂತೆ. ಚಂಬನ್ನು ಕೈಯಿಂದ ಸರಿಸಿದಳು. ಬಟ್ಟಲು ಮುಳುಗುವ ಮೊದಲೇ ಹೋದಳು, ನೀರಡಿಸಿಕೊಂಡೇ. ನಾನು ಅಳಲಿಲ್ಲ, ಏಳಲೂ ಇಲ್ಲ. ಅದು ಪೂರ್ತಿ ಮುಳುಗುವ ತನಕ ಕೂತಿದ್ದು, ಆಮೇಲೆ ಎದ್ದು ತಾಸು ಬಾರಿಸಿ, ಆಮೇಲೆ ಬಾಯಿ ತೆಗೆದು ಅತ್ತೆ.

ಅಂಥ ಬಟ್ಟಲನ್ನು ನೀನು ಗಾಜಿನ ಕಪಾಟಿಗೆ ಕೇಳುತ್ತೀ. ಆ ಕಪಾಟಿನಲ್ಲಿ ನೀರಿರುತ್ತದೆಯೇ? ಬಟ್ಟಲು ಬರುವುದಿಲ್ಲ. ನಿನ್ನ ಸಾಹೇಬರಿಗೆ ಹಳೇ ಸಾಮಾನು ಬೇಕಿದ್ದರೆ ನನ್ನ ತವೆ ಕಳಿಸುತ್ತೇನೆ, ಕರಿ ಹತ್ತಿ ಚೆನ್ನಾಗಿದೆ.

ಬರಬೇಕಾದವನು ನೀನು. ಆ ದಿನದ ರೋಜಾ ತಿರುಗಿ ಹಿಡಿಯದವನು ಊರಿನಲ್ಲಿ ನೀನೊಬ್ಬನೇ. ಮುಂದಿನ ತಿಂಗಳು ರಮಜಾನ್ ಚಂದ್ರ ಕಾಣುವ ಮೊದಲು ಬಾ. ಗಡಿಯಾರವನ್ನು ಸ್ಟೇಶನ್ನಿನಲ್ಲೇ ಬಿಟ್ಟು ಬಾ. ಆ ರೋಜಾ ಹಿಡಿದು, ಹೊತ್ತು ಹುಟ್ಟುವಾಗ ಪರಾತದ ಮುಂದೆ ಕೂತು, ಸಂಜೆಯ ತನಕ ನಿನ್ನ ಕೈಯಿಂದಲೇ ಎತ್ತಿ ಎತ್ತಿ ಬಿಡು. ನಾನು ನೀರಿನ ಚಂಬು ತಂದು ಪಕ್ಕದಲ್ಲಿಡುತ್ತೇನೆ. ಕೊನೆಯ ಬಟ್ಟಲು ಅರ್ಧ ತುಂಬಿದಾಗ ನಿನ್ನನ್ನು ಕೇಳುತ್ತೇನೆ, 'ಮುಳುಗೇತೇನೋ?' ಎಂದು. ಏನು ಹೇಳುತ್ತೀ ನೋಡುತ್ತೇನೆ. ನಿನ್ನ ಹೆಸರಿನ ಹಿಂದೆ ತಮ್ಮ ಎಂದು ಬರೆಯಬೇಕೋ ಬೇಡವೋ ಎಂಬುದು ಆಮೇಲಿನ ಮಾತು.

ಹದಿನೈದನೆಯದು ಮುಳುಗುತ್ತಿದೆ, ಏಳುತ್ತೇನೆ. ಅಲ್ಲಾಹನು ನಿನಗೆ ಮೊದಲು ನೀರಡಿಕೆ ಕೊಡಲಿ. ಆಮೇಲೆ ನೀರನ್ನೂ ಕೊಡಲಿ.

ಅಬ್ದುಲಸಾಬನ ಮಗಳು,
ಬಾನುಬಿ