ಗೋಲು ಹೊಡೆದು ತಲೆ ತಗ್ಗಿಸಿದವನಿಗೆ

ಸ್ಕೆಲ್‌ಬ್ರೊ,
ಮೇ ೧೯, ಸೋಮವಾರ

ಡೆಕ್ಲನ್,

'ಪ್ರೀತಿಯ' ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಹಿಮ್ಮಡಿಯ ನೋವು ಹೇಗಿದೆ? ಜನವರಿಯಲ್ಲಿ ನಮ್ಮ ಟೌನ್ ತಂಡ ಬಿಟ್ಟು ವಿಥರ್ಟನ್ ತಂಡ ಸೇರುವಾಗ ಕುಂಟುತ್ತಿದ್ದೆ. ಶನಿವಾರ ನಮ್ಮದೇ ಮೈದಾನದಲ್ಲಿ, ನಮ್ಮ ಮೇಲೆಯೇ ಓಡಿದ ಓಟ ನೋಡಿದರೆ ಪೂರ್ತಿ ವಾಸಿಯಾದಂತಿದೆ. ಹೊಟ್ಟೆಗೂ ಸರಿಯಾಗಿ ಹಾಕುತ್ತಿದ್ದಾರೆ ಅಂತ ಕಾಣುತ್ತದೆ, ಕೆನ್ನೆ ತುಂಬಿಕೊಂಡಿದೆ. ಸಂತೋಷ.

ಇಲ್ಲಿ ಯಾರಿಗೂ ಊಟ ಸೇರುತ್ತಿಲ್ಲ. ಆಗಸ್ಟಿನಿಂದ ಮಳೆ, ಕೆಸರು ಅನ್ನದೆ ಆಡಿದ್ದೇವೆ, ಈ ಒಂದು ಪಂದ್ಯ ಗೆದ್ದಿದ್ದರೆ ಲೀಗಿನ ಮೇಲಿನ ದರ್ಜೆಗೆ ಏರುತ್ತಿದ್ದೆವು. ಪೆನಾಲ್ಟಿವರೆಗೆ ಎಳೆದಿದ್ದರೂ ನಮ್ಮ ಗೋಲ್‌ಕೀಪರ್ ಕೈಬಿಡುತ್ತಿರಲಿಲ್ಲ. ಇನ್ನೇನು ಸೀಟಿ ಊದಬೇಕು, ಆಗ ನೀನು. ನಿಮ್ಮಪ್ಪ ಗೋಡೆಯ ಮೇಲಿದ್ದ ನಿನ್ನ ಹಳೇ ಟೌನ್ ಜರ್ಸಿಯನ್ನು ಚೌಕಟ್ಟಿನ ಸಮೇತ ಇಳಿಸಿ ಷೆಡ್ಡಿನಲ್ಲಿಟ್ಟು ಬಂದರು.

ಗೋಲು ಹೊಡೆದದ್ದಕ್ಕೆ ನನಗೆ ಸಿಟ್ಟಿಲ್ಲ, ಅದು ನಿನ್ನ ಕೆಲಸ. ಹೊಡೆದ ಮೇಲೆ ಮಾಡಿದೆಯಲ್ಲ, ಅದಕ್ಕೆ ಸಿಟ್ಟು. ಎರಡೂ ಅಂಗೈ ಎತ್ತಿ, ತಲೆ ತಗ್ಗಿಸಿ, ತಪ್ಪಾಯಿತು ಎನ್ನುವ ಹಾಗೆ ನಿಂತೆ. ಹಳೆಯ ತಂಡದ ಮೇಲೆ ಗೋಲು ಹೊಡೆದವನು ಕುಣಿಯಬಾರದು, ಅದೇ ಮರ್ಯಾದೆ ಅಂತ ನೀವು ಹುಡುಗರೆಲ್ಲ ಕಲಿತುಬಿಟ್ಟಿದ್ದೀರಿ. ಮುಳುಗಿಸಿದವನು ಮುಖ ಸಣ್ಣ ಮಾಡಿಕೊಂಡರೆ ಮುಳುಗಿದವರಿಗೆ ದಡ ಸಿಗುತ್ತದೆಯೇ? ಬರೀ ನಾಟಕ. ನಿನ್ನನ್ನು ನಾನು ಹೀಗೆ ಬೆಳೆಸಿರಲಿಲ್ಲ. ಊರು ಮಾತ್ರ ಆ ಅಂಗೈಗೆ ಮರುಳಾಗಿದೆ. ಪಬ್ಬಿನಲ್ಲಿ, "ಹುಡುಗ ಒಳ್ಳೇವ್ನು ಕಣ್ರೀ, ಕುಣೀಲಿಲ್ಲ ನೋಡಿ" ಅಂತ ನಿನ್ನ ಹೆಸರಿನಲ್ಲಿ ಬಿಯರ್ ಎತ್ತುತ್ತಾರಂತೆ.

ನಿನ್ನನ್ನು ಕ್ಷಮಿಸಿದರು, ನನ್ನನ್ನು ಮೈದಾನದ ಚಹಾದ ಗೂಡಂಗಡಿಯಿಂದ ಓಡಿಸಿದರು. ಹೌದು, ನೀನು ಬುಟ್ಟಿಯಲ್ಲಿ ಮಲಗಿ ಬೆಳೆದ ಅದೇ ಗೂಡು. ಕ್ಲಬ್ಬಿನ ಕಾರ್ಯದರ್ಶಿ ನಾರ್ಮನ್ ನಿನ್ನೆ ಮನೆಗೇ ಬಂದ. ಒಳಗೆ ಕರೆದರೂ ಬರಲಿಲ್ಲ. "ಡೋರೀನ್, ಬೀಗದ ಕೈ ಕೊಟ್ಬಿಡು. ಮುಂದಿನ ಸಲ ಗ್ಲೆನಿಸ್ ನೋಡ್ಕೊಳ್ತಾಳೆ. ನಿನ್ನ ಕೈಯಿಂದ ಚಾ ಇಸ್ಕೊಳ್ಳೋಕೆ ಯಾರಿಗೂ ಮನಸ್ಸಿಲ್ಲ" ಅಂದ. ಗ್ಲೆನಿಸಳ ಚಹಾ ಗೊತ್ತಲ್ಲ, ಪಾತ್ರೆ ತೊಳೆದ ನೀರು. ಕುಡಿಯಲಿ, ಹಾಗೇ ಆಗಬೇಕು ಇವರಿಗೆ. ಬೀಗದ ಕೈ ಕೊಟ್ಟು, ಬಾಗಿಲು ಹಾಕಿಕೊಂಡು ಅತ್ತೆ. ಆ ಗೂಡು ಬಿಟ್ಟರೆ ನನಗೆ ಶನಿವಾರ ಎಲ್ಲಿದೆ?

ಜೂನಿನಲ್ಲಿ ಬರುತ್ತೇನೆ ಅಂದಿದ್ದೆ. ಬಾ. ಬೆನ್ನು ತಟ್ಟಲು ಊರವರಿದ್ದಾರೆ, ನಾನು ತಟ್ಟುವುದಿಲ್ಲ.

ದೇವರು ನಿನ್ನ ಕಾಲನ್ನು ಚೆನ್ನಾಗಿಟ್ಟಿದ್ದಾನೆ, ಇನ್ನು ತಲೆಯ ಕಡೆಗೂ ಸ್ವಲ್ಪ ಗಮನ ಕೊಡಲಿ.

ನಿನ್ನ ಅಮ್ಮ,
ಡೋರೀನ್

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು. ಬೀಗದ ಕೈ ಕಿತ್ತುಕೊಂಡದ್ದು ನಿನ್ನ ಗೋಲಿಗಾಗಿ ಅಲ್ಲ. ಚೆಂಡು ಬಲೆಗೆ ಬಿದ್ದದ್ದೇ ತಡ, ನಾನು ಕತ್ತಿನಲ್ಲಿ ಟೌನ್ ಶಾಲು ಇದ್ದ ಹಾಗೇ ಹೊರಗೋಡಿ, ನನ್ನ ಮಗ, ನನ್ನ ಮಗ ಅಂತ ಕೂಗಿ ಕುಣಿದುಬಿಟ್ಟೆ. ನಮ್ಮ ಕಡೆಯೆಲ್ಲ ಸಾವಿನ ಮನೆಯಂತೆ ಸುಮ್ಮನಿತ್ತು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನೀನಾದರೂ ಜೊತೆಗೆ ಕುಣಿಯುತ್ತೀಯ ಅಂತ ತಿರುಗಿ ನೋಡಿದರೆ, ನೀನು ಅವರ ಹತ್ತಿರ ಕ್ಷಮೆ ಕೇಳುತ್ತಿದ್ದೆ.