ಕೌದಿಯ ಒಳಪದರ

ಟೂವಾಂಗ್, ಬ್ರಿಸ್ಬೇನ್
೧೦ ಜೂನ್ ೨೦೧೮, ಭಾನುವಾರ

ಭೀಮಸೇನ ಅವರಿಗೆ, ಜಯಲಕ್ಷ್ಮಿಯ ನಮಸ್ಕಾರ.

ಆರು ವರ್ಷದಲ್ಲಿ ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಯಾವಾಗಲೂ ಗೆದ್ದುಬಿಡುತ್ತೇನೆ, ಈಗ ಗೆಲ್ಲುವ ಶಕ್ತಿಯೂ ಇಲ್ಲ, ಆಸೆಯೂ ಇಲ್ಲ. ವೃದ್ಧಾಶ್ರಮದ ಕೆಲಸದಲ್ಲಿ ಈ ವಾರ ಆರು ದಿನ ನಿಂತೇ ಕಳೆದೆ. ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ಅಡಿಲೇಡ್‌ನಿಂದ ನೀವು ಕಳಿಸಿದ ಲಕೋಟೆ ಬಂತು. ಮಗಳು ಪ್ರಕೃತಿಯನ್ನು ನೋಡುವ ಹಕ್ಕನ್ನು ಪೂರ್ತಿ ಬಿಟ್ಟುಕೊಡುತ್ತೇನೆಂದು ನೀವು ಸಹಿ ಮಾಡಿದ ವಕೀಲರ ಕಾಗದ ಅದರಲ್ಲಿತ್ತು. ಜೊತೆಗೆ ನಿಮ್ಮ ಶೆಡ್ಡಿನ ಸುದ್ದಿ. ಹಳೆಯ ಬ್ಯಾಟರಿಯ ಸೀಸವನ್ನು ಕುಲುಮೆಗೆ ಹಾಕಿ ಕರಗಿಸದೆ, ನಿಂಬೆಹುಳಿಯಂಥ ಸೌಮ್ಯ ಆಮ್ಲದಲ್ಲಿ ನೆನೆಸಿ, ಹೊಗೆ ಧೂಳಿಲ್ಲದೆ ಬೇರ್ಪಡಿಸುವ ನಿಮ್ಮ ವಿಧಾನ ಕೊನೆಗೂ ಕೈಹಿಡಿಯಿತು ಎಂದು. ‘ಇನ್ನು ಯಾವ ಅಪ್ಪನೂ ಮನೆಗೆ ಧೂಳು ಹೊತ್ತು ಹೋಗಬೇಕಿಲ್ಲ. ನನ್ನ ಕೆಲಸ ಮುಗಿಯಿತು. ನನ್ನ ಕೈ ಅವಳಿಗೆ ತಾಗದಿರುವುದೇ ಒಳ್ಳೆಯದು’ ಎಂದು ಬರೆದಿದ್ದೀರಿ. ಸಾಧನೆಯ ಸುದ್ದಿಯನ್ನು ಸೂತಕದ ಕಾಗದದಂತೆ ಬರೆಯುವವರು ಲೋಕದಲ್ಲಿ ನೀವೊಬ್ಬರೇ.

ಪರ್ತ್‌ನ ಆ ದಿನ ನೆನಪಿರಬೇಕು. ಹ್ಯಾರಿಸ್‌ಡೇಲ್‌ನ ಮನೆ, ಪ್ರಕೃತಿಗೆ ಹನ್ನೊಂದು ತಿಂಗಳು. ಅವಳ ರಕ್ತದಲ್ಲಿ ಸೀಸ ಇದೆ ಎಂದರು. ಆರೋಗ್ಯ ಇಲಾಖೆಯ ಹೆಂಗಸು ಬಂದು ನೆಲ, ಕಿಟಕಿ, ಕಾರು ಎಲ್ಲ ಒರೆಸಿ, ಒರೆಸಿದ ಬಟ್ಟೆಗಳನ್ನು ಪರೀಕ್ಷೆಗೆ ಒಯ್ದಳು. ನಿಮ್ಮ ಕಾರಿನ ಡಿಕ್ಕಿಯಲ್ಲಿ ಸೀಸದ ಧೂಳು ಸಿಕ್ಕಿತು. ಬ್ಯಾಟರಿ ಕರಗಿಸುವ ಕಾರ್ಖಾನೆಯಲ್ಲಿ ಕೆಲಸವಿದ್ದರೂ ನೀವು ಅಲ್ಲೇ ಸ್ನಾನ ಮಾಡಿ, ಬೂಟು ಅಲ್ಲೇ ಬಿಟ್ಟು, ಬಟ್ಟೆ ಬದಲಿಸಿ ಬರುತ್ತಿದ್ದಿರಿ. ಆದರೂ ‘ನಾನೇ ತಂದಿರಬೇಕು’ ಎಂದುಬಿಟ್ಟಿರಿ. ಕುಂಬಳಕಾಯಿ ಕಳ್ಳ ಎಂದರೆ ಕದಿಯದವರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆಂದು ಆ ದಿನ ಕಂಡೆ. ಮಗು ಬದುಕಬೇಕಾದರೆ ಮನೆ ಬಿಡಿ ಎಂದೆ. ಪರ್ತ್‌ನಲ್ಲೇ ಮೋರ್ಲಿಯ ಒಂದು ಕೋಣೆಗೆ ಹೋದಿರಿ, ಆಮೇಲೆ ಅಡಿಲೇಡ್‌ಗೆ.

ಈ ವಾರ ಸಾಮಾನು ಅಡಕುವಾಗ ಸೂಟ್‌ಕೇಸಿನ ತಳದಲ್ಲಿ ಅವಳ ಕೌದಿ ಸಿಕ್ಕಿತು. ನಮ್ಮ ಗದಗಿನ ಕಡೆ ಕೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವುದಿಲ್ಲ. ಮನೆಯವರು ಉಟ್ಟು ಮೆತ್ತಗಾದ ಬಟ್ಟೆಗಳನ್ನು ಪದರ ಪದರವಾಗಿಟ್ಟು ಹೊಲಿದ ಕೌದಿಯೇ ಆಗಬೇಕು. ‘ಒಳಗ ಅಪ್ಪನ ಅಂಗಿ ಒಂದರ ಇರ್ಲಿ, ಕೂಸು ಬೆಚ್ಚಿ ಬೀಳೂದಿಲ್ಲ’ ಎಂದು ಅವ್ವ ಫೋನಿನಲ್ಲಿ ಹೇಳಿದ್ದಳು. ನಿಮ್ಮ ಒಳ್ಳೆಯ ಅಂಗಿ ಕತ್ತರಿಸಲು ಮನಸ್ಸು ಬರಲಿಲ್ಲ. ಆಗಲೇ ಕಾರ್ಖಾನೆಯವರು ಎಲ್ಲರಿಗೂ ಹೊಸ ಸಮವಸ್ತ್ರ ಕೊಟ್ಟಿದ್ದರು. ಹಳೆಯವನ್ನು ವಿಲೇವಾರಿಗೆ ಒಯ್ಯುವ ಸರದಿ ನಿಮ್ಮದು. ಚೀಲ ಡಿಕ್ಕಿಯಲ್ಲಿದೆ, ಮುಟ್ಟಬೇಡ ಎಂದು ಹೇಳಿಯೂ ಇದ್ದಿರಿ. ನಾನು ತೆಗೆದು ನೋಡಿದೆ. ದಪ್ಪ ಹತ್ತಿ, ಒಂದು ತೂತಿಲ್ಲ. ಇಂಥದ್ದನ್ನು ಎಸೆಯುವುದೇ ಎಂದು ನಿಮ್ಮ ಹೆಸರಿದ್ದ ಎರಡು ಅಂಗಿ ಎತ್ತಿಕೊಂಡೆ. ಮೂರು ಸಲ ಒಗೆದೆ. ಒಳಪದರಕ್ಕೆ ಅವನ್ನು ಹಾಕಿ, ಮೇಲೆ ಇಳಕಲ್ ಸೀರೆ ಹೊಲಿದೆ. ನಿಮಗೆ ಕಂಡದ್ದು ಸೀರೆ ಮಾತ್ರ.

ಅವಳು ಆ ಕೌದಿಯ ಅಂಚು ಚೀಪುತ್ತ ನಿದ್ದೆ ಹೋಗುತ್ತಿದ್ದಳು. ಸೀಸ ಹೊಕ್ಕಿದ್ದು ನಿಮ್ಮ ಕೈಯಿಂದಲ್ಲ, ನನ್ನ ಸೂಜಿಯಿಂದ. ಅಂಗಿಯ ವಿಷಯ ಮರೆತೇ ಹೋಗಿತ್ತು. ಕೌದಿ ಮತ್ತೆ ಕೈಗೆ ಬಂದಾಗ ಹೊಳೆಯಿತು.

ಪ್ರಕೃತಿಗೆ ಓದು ತಡವಾಗಿ ಹತ್ತಿತು. ಅದು ಸೀಸದಿಂದಲೋ ಅಲ್ಲವೋ, ಡಾಕ್ಟರು ಖಚಿತವಾಗಿ ಹೇಳುವುದಿಲ್ಲ. ಈಗ ಬೆರಳಿಟ್ಟು ಓದುತ್ತಾಳೆ, ನಿಮ್ಮ ಹಾಗೆ ತುಟಿ ಕಚ್ಚಿಕೊಂಡು. ನಾನು ಕನ್ನಡದಲ್ಲಿ ಮಾತಾಡಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನಿನ್ನೆ ಅವಳು ‘ಈಸ್ ಅಪ್ಪಾ ಕಮಿಂಗ್ ಫಾರ್ ಮೈ ಬರ್ತ್‌ಡೇ, ಆರ್ ಈಸ್ ಹಿ ಸ್ಟಿಲ್ ಡರ್ಟಿ?’ ಎಂದು ಕೇಳಿದಳು. ಅಪ್ಪನ ಕೈಗೆ ಧೂಳು ಅಂಟಿದೆ, ಅದಕ್ಕೇ ಬರುವುದಿಲ್ಲ ಎಂದು ಹೇಳುತ್ತ ಬೆಳೆಸಿದವಳು ನಾನೇ. ನನಗೆ ನಾಚಿಕೆಯಾಯಿತು. ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ವಕೀಲರ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ, ಇದರೊಂದಿಗೆ ವಾಪಸ್ ಕಳಿಸುತ್ತಿದ್ದೇನೆ. ಜುಲೈ ಹದಿನಾಲ್ಕಕ್ಕೆ ಅವಳಿಗೆ ಏಳು ತುಂಬುತ್ತದೆ. ನನ್ನ ಮುಖ ನೋಡಬೇಡಿ ಬೇಕಾದರೆ, ಅವಳ ಕೈ ಹಿಡಿಯಿರಿ. ಕೌದಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಅದನ್ನು ಏನು ಮಾಡಬೇಕೆಂದು ನಿಮಗೆ ಮಾತ್ರ ಗೊತ್ತು.

ಇಂತಿ,
ದಣಿದಿರುವ
ಜಯಾ

ಮರೆತ ಮಾತು: ಮರೆತದ್ದಲ್ಲ. ಅಂಗಿಯ ವಿಷಯ ಮರೆತೇ ಹೋಗಿತ್ತು ಎಂದು ಮೇಲೆ ಬರೆದ ಸಾಲನ್ನು ಹೊಡೆದುಹಾಕಲು ಹೋದೆ, ಬಿಟ್ಟೆ. ನನ್ನ ಬುದ್ಧಿ ಎಂಥದ್ದೆಂದು ನಿಮಗೆ ಕಾಣಲಿ. ಮನೆಯಲ್ಲಿ ಕೆಲಸದ ಬಟ್ಟೆ ಏನಾದರೂ ಇದೆಯೇ ಎಂದು ಆರೋಗ್ಯ ಇಲಾಖೆಯ ಆ ಹೆಂಗಸು ಕೇಳಿದಾಗ ಕೌದಿ ನನ್ನ ತೊಡೆಯ ಮೇಲೇ ಇತ್ತು. ‘ನೋ’ ಎಂದೆ. ನೀವು ಮನೆ ಬಿಟ್ಟ ದಿನವೇ ಅದನ್ನು ಸುತ್ತಿ ಸೂಟ್‌ಕೇಸಿನ ತಳಕ್ಕೆ ಹಾಕಿದೆ. ಮೂರು ತಿಂಗಳಲ್ಲಿ ಮಗುವಿನ ರಕ್ತದ ಸೀಸ ಅರ್ಧಕ್ಕಿಳಿಯಿತು. ನೋಡಿ, ನೀವು ಹೋಗಿದ್ದಕ್ಕೇ ಇಳಿಯಿತು ಎಂದು ನಿಮಗೆ ಫೋನ್ ಮಾಡಿ ಹೇಳಿದೆ.