ಯಲ್ಲಮ್ಮ ಚಾಚಿದ ಕೈ

ಸುಬ್ರಹ್ಮಣ್ಯಪುರ
೧೪-೨-೧೯೮೧

ನಮ್ಮ ವಂಶದ ಮೊದಲ ಮೇಷ್ಟ್ರಮ್ಮ ಚಿ. ಸೌ. ಕಮಲಾದೇವಿಗೆ ನಿನ್ನ ಸೋದರಮಾವ ತಿಮ್ಮರಾಯಪ್ಪ ಎರಡೂ ಕೈಯೆತ್ತಿ ಮಾಡುವ ಆಶೀರ್ವಾದ.

ಈ ಬೆಂಗಳೂರು ಸೀಮೆಯಲ್ಲಿ ನನ್ನಂಥ ಮೇಷ್ಟ್ರು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ. ನಿನ್ನೆ ನೀನು ಜನಗಣತಿಯ ಮೀಟಿಂಗಿಗೆಂದು ಜಯನಗರಕ್ಕೆ ಹೋದಾಗ ನಿನ್ನ ಮೂರನೇ ಕ್ಲಾಸು, ನಾಲ್ಕನೇ ಕ್ಲಾಸು ಎರಡನ್ನೂ ನಾನೇ ನೋಡಿಕೊಂಡೆನಲ್ಲ, ನಾನು ಒಂದು ಸಲ ಕೆಮ್ಮಿದ್ದಕ್ಕೆ ಮಕ್ಕಳಿರಲಿ, ಪುಟ್ಟೇನಹಳ್ಳಿ ಕೆರೆಯ ಬಾತುಗಳೂ ಕೈಕಟ್ಟಿ ಕೂತವು.

ಬಾತುಗಳ ವಿಷಯ ಬಿಡು. ನಡೆದದ್ದು ಹೇಳುತ್ತೇನೆ.

ಕಳೆದ ವಾರ ನೀನು ಕಣ್ಣೊರೆಸಿಕೊಂಡು, ಯಾವುದನ್ನೂ ನೆಟ್ಟಗೆ ಮಾಡಲಾಗುತ್ತಿಲ್ಲ ಮಾವ, ಆ ಮಕ್ಕಳಿಗೆ ನಾನಿದ್ದರೂ ಒಂದೇ ಇಲ್ಲದಿದ್ದರೂ ಒಂದೇ, ತಿಂಗಳ ಕೊನೆಗೆ ರಾಜೀನಾಮೆ ಕೊಡುತ್ತೇನೆ ಎಂದೆಯಲ್ಲ. ಅಂಥಾದ್ದೇನಿದೆ ಈ ಕೆಲಸದಲ್ಲಿ ಎಂದು ನನಗನ್ನಿಸಿತು. ಸ್ಕೂಲಿನ ಎದುರು ಟೀ ಅಂಗಡಿ ಇಟ್ಟಿರುವ ಮುನಿಯಣ್ಣನಿಗೆ, ಒಂದು ದಿನ ನಾನು ನಿಂತು ತೋರಿಸ್ತೀನಿ ನೋಡು ಎಂದೆ. "ಯಜಮಾನ್ರೇ, ಮಧ್ಯಾಹ್ನದ ಬೆಲ್ ಹೊಡೆಯೋಗಂಟ ನಿಂತ್ಕೊಳಿ ಸಾಕು" ಎಂದು ನಕ್ಕ. ಐದು ರೂಪಾಯಿ ಪಂಥ ಕಟ್ಟಿ, ಹೆಡ್‌ಮೇಷ್ಟ್ರು ಗಂಗಾಧರಯ್ಯನವರನ್ನು ಒಪ್ಪಿಸಿ ಒಳಗೆ ಹೋದೆ.

ಎರಡು ಕ್ಲಾಸಿಗೂ ಇರುವುದು ಒಂದೇ ಕೋಣೆ; ಮೂರನೆಯವರಿಗೆ ಮಗ್ಗಿ ಬರೆಯಲು ಈ ಗೋಡೆಯ ಬೋರ್ಡಿಗೆ ತಿರುಗಿದರೆ, ಆ ಗೋಡೆಯ ನಾಲ್ಕನೆಯವರು ಕಿಟಕಿ ಹತ್ತಿದರು. ಅವರನ್ನು ಇಳಿಸುವಷ್ಟರಲ್ಲಿ ಅಡುಗೆಯ ಸೊಣ್ಣಮ್ಮ ಉಪ್ಪಿಟ್ಟಿಗೆ ರವೆ ಅಳೆದು ಕೊಡಿ ಎಂದಳು. ಅಳೆಯುತ್ತಿದ್ದರೆ ಹೆಡ್‌ಮೇಷ್ಟ್ರು ಹಾಜರಿ ಎಲ್ಲಿ ಎಂದರು. ಹಾಜರಿ ಕರೆಯೋಣವೆಂದರೆ ಒಬ್ಬನ ಮೂಗಲ್ಲಿ ರಕ್ತ. ಬಳಪ ಕೇಳಿದವರ ಕೈಗೆ ರವೆ ಹಾಕಿದೆ ಕಣಮ್ಮ!

ಆಗ ಯಲ್ಲಮ್ಮ ಎಂಬ ಪುಟ್ಟ ಹುಡುಗಿ ಪಕ್ಕಕ್ಕೆ ಬಂದು ಕೈ ಚಾಚಿದಳು. ಬಳಪ ಕೊಟ್ಟೆ, ಬೇಡವೆಂದಳು. ಗದರಿದೆ, ಕದಲಲಿಲ್ಲ. ಉಳಿದವರೆಲ್ಲ ಕೂಗಿದರು: "ತಾತಾ, ಕೈ ಹಿಡ್ಕೊಳಿ! ಅವರಮ್ಮ ಸತ್ತೋದಾಗಿಂದ ಮಿಸ್ಸು ಅವಳ ಕೈ ಹಿಡ್ಕೊಂಡೇ ಬೋರ್ಡ್ ಮೇಲೆ ಬರೀತಾರೆ."

ಇದನ್ನು ನೀನು ಯಾರಿಗೂ ಹೇಳಿಯೇ ಇಲ್ಲವಲ್ಲ.

ಹಿಡಿದುಕೊಂಡೆ. "ಮಿಸ್ಸು ನಾಳೆ ಬರ್ತಾರಾ ತಾತಾ?" ಎಂದಳು. ಬರ್ತಾರೆ ಎಂದೆ. "ದಿನಾಲೂ ಬರ್ತಾರಾ?" ಅದಕ್ಕೂ ಹೂಂ ಎಂದುಬಿಟ್ಟೆ. ಬೆಲ್ಲಿಗೆ ಇನ್ನೂ ಹೊತ್ತಿತ್ತು. ಹೆಡ್‌ಮೇಷ್ಟ್ರು ನನ್ನ ಕೈಯಿಂದ ಸೀಮೆಸುಣ್ಣ ಈಸಿಕೊಂಡು ಮಕ್ಕಳನ್ನೆಲ್ಲ ಮರದ ಕೆಳಗೆ ಕರೆದೊಯ್ದರು.

ಹುಳಿಮಾವಿನಲ್ಲಿ ನಾನು ಬರಿಗೈಲಿ ಚಿರತೆ ಹಿಡಿದದ್ದನ್ನು ನೀನು ಚಿಕ್ಕಂದಿನಿಂದ ಕೇಳಿದ್ದೀಯ. ಆ ಮಾತುಗಳೆಲ್ಲ ಸುಳ್ಳಾದರೆ ಯಾರಿಗೂ ನಷ್ಟವಿಲ್ಲ. ಯಲ್ಲಮ್ಮನಿಗೆ ಹೇಳಿದ ಇದೊಂದು ಮಾತನ್ನು ಸುಳ್ಳು ಮಾಡಬೇಡ ಮಗಳೇ. ಉಪ್ಪಿಟ್ಟು ಒಂದು ದಿನ ಸೀದರೆ ಸೀಯಲಿ.

ನಿನ್ನ ಕುರ್ಚಿಯಲ್ಲಿ ಅರ್ಧ ದಿನವೂ ಬಾಳದ,
ತಿಮ್ಮರಾಯಪ್ಪ ಮಾವ

ಮರೆತಿದ್ದೆ: ಇಷ್ಟು ಹೊತ್ತು ನಿಮ್ಮತ್ತೆ ಪಕ್ಕದಲ್ಲೇ ಕೂತು ಒಂದೊಂದು ಸಾಲನ್ನೂ ಓದಿಸಿಕೊಳ್ಳುತ್ತಿದ್ದಳು, ಈಗ ಹಾಲಿಗೆ ಹೆಪ್ಪು ಹಾಕಲು ಎದ್ದಳು. ಗೆದ್ದೇ ಗೆಲ್ಲುತ್ತೇನೆಂದು ಕನ್ನಡಕಕ್ಕೆ ಕೂಡಿಟ್ಟದ್ದನ್ನು ಪೂರ್ತಿ ಪಂಥಕ್ಕಿಟ್ಟಿದ್ದೆ. ಅದಕ್ಕೇ ಅಕ್ಷರ ಸೊಟ್ಟಗಿದ್ದರೆ ಕೆಂಪು ಇಂಕಿನಲ್ಲಿ ತಿದ್ದಿ ಕಳಿಸಬೇಡ. ಐದಲ್ಲ, ಸೋತದ್ದು ನಲವತ್ತು ರೂಪಾಯಿ.